ಕೊಡಗಿನ ಕಾಡುಪ್ರಾಣಿಗಳು ಏಕೆ ಹೆಚ್ಚುತ್ತವೆ, ಏಕೆ ಕಡಿಮೆಯಾಗುತ್ತವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆನೆ ಜಾಸ್ತಿಯಾಗಿದೆ, ಹೊಳೆಯಲ್ಲಿ ಮೀನಿಲ್ಲ, ಜೇನು ಮೊದಲಿನಂತಿಲ್ಲ. ಕೊಡಗಿನ ಯಾವ ಊರಿನಲ್ಲಿ ಕೂತರೂ ಈ ಮಾತು ಬರುತ್ತದೆ. ಇಲ್ಲಿ ತೋಟ, ಗದ್ದೆ, ಬಾಣೆ (ಗದ್ದೆಗೆ ಸೇರಿದ ಮರಗಿಡದ ಜಾಗ), ದೇವರಕಾಡು, ಮೀಸಲು ಅರಣ್ಯ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಕಾರಣವನ್ನು ಕಾಡಿನೊಳಗೆ ಮಾತ್ರ ಹುಡುಕಿದರೆ ಸಿಗುವುದಿಲ್ಲ. ತೋಟದವರು, ಹೋಂಸ್ಟೇ ನಡೆಸುವವರು, ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಒಂದು ಪ್ರಾಣಿಯ ಸಂಖ್ಯೆ ಏರಿಳಿಯುವುದು ಯಾವುದರಿಂದ?

ಹುಟ್ಟು, ಸಾವು, ಹೊರಗಿನಿಂದ ಬರುವುದು, ಇಲ್ಲಿಂದ ಹೋಗುವುದು: ಇವು ನಾಲ್ಕರಿಂದ. ಬರ, ರೋಗ, ಬೆಂಕಿ, ಉರುಳು, ರಸ್ತೆ, ಅಣೆಕಟ್ಟು ಏನೇ ಇದ್ದರೂ ಕೊನೆಗೆ ಈ ನಾಲ್ಕರಲ್ಲಿ ಒಂದರ ಮೂಲಕವೇ ಕೆಲಸ ಮಾಡುತ್ತದೆ.

ನಾಗರಹೊಳೆಯ ಹುಲಿಗಳನ್ನೇ ನೋಡಿ. ಹುಲಿ ತಜ್ಞ ಡಾ. ಉಲ್ಲಾಸ ಕಾರಂತರ ತಂಡ 1991ರಿಂದ 2000ದವರೆಗೆ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನದ ಪ್ರಕಾರ ಪ್ರತಿ ವರ್ಷ ನೂರರಲ್ಲಿ ಸುಮಾರು 23 ಹುಲಿಗಳು ಸಾಯುತ್ತಿದ್ದವು ಅಥವಾ ಬೇರೆಡೆಗೆ ಹೋಗುತ್ತಿದ್ದವು. 100 ಚದರ ಕಿ.ಮೀ.ಗೆ ಹುಲಿಗಳ ಸಂಖ್ಯೆ ಒಂದು ವರ್ಷ 7ರ ಆಸುಪಾಸು, ಇನ್ನೊಂದು ವರ್ಷ 21ರ ಮೇಲೆ. ಇಷ್ಟು ಏರಿಳಿತವಿದ್ದರೂ ಹುಲಿ ಅಲ್ಲಿ ಉಳಿಯಿತು. ಜಿಂಕೆ, ಕಡವೆ, ಕಾಟಿ (ಕಾಡುಕೋಣ) ದಟ್ಟವಾಗಿದ್ದುದರಿಂದ ಮರಿಗಳು ಬದುಕಿ ಖಾಲಿಯಾದ ಜಾಗವನ್ನು ತುಂಬಿದವು. ಈ ಬರಹದ ಉಳಿದ ಉತ್ತರಗಳಲ್ಲೂ ಇದನ್ನೇ ಗಮನಿಸಿ: ಎಷ್ಟು ಸತ್ತವು ಎಂದು ಕೇಳಿದ ಮೇಲೆ, ಖಾಲಿಯಾದ ಜಾಗ ಮತ್ತೆ ತುಂಬಲು ದಾರಿ ಉಳಿದಿದೆಯೇ ಎಂದೂ ಕೇಳಬೇಕು.

ಆನೆಗಳು ನಾಲ್ಕೈದು ವರ್ಷದಲ್ಲಿ ದುಪ್ಪಟ್ಟಾಗಿವೆ ಎನ್ನುತ್ತಾರೆ. ನಿಜವೇ?

ಹುಟ್ಟಿನಿಂದ ಅಷ್ಟು ಹೆಚ್ಚಲು ಸಾಧ್ಯವಿಲ್ಲ. ಆನೆಯ ಗರ್ಭ 22 ತಿಂಗಳು, ಒಂದು ಸಲಕ್ಕೆ ಒಂದೇ ಮರಿ, ಮರಿಗೂ ಮರಿಗೂ ನಾಲ್ಕೈದು ವರ್ಷದ ಅಂತರ. ರಾಜ್ಯದ ಅಂದಾಜು 2017ರಲ್ಲಿ 6,049 ಇತ್ತು, 2023ರಲ್ಲಿ 6,395. ಎಣಿಕೆಯಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಆದರೂ ಇದು ದುಪ್ಪಟ್ಟಿನ ಹತ್ತಿರಕ್ಕೂ ಬರುವುದಿಲ್ಲ. ತೋಟದಲ್ಲಿ ದುಪ್ಪಟ್ಟು ಆನೆ ಕಾಣಿಸುತ್ತಿದ್ದರೆ ಅವು ಹೆಚ್ಚು ದಿನ ತೋಟದಲ್ಲಿಯೇ ಉಳಿಯುತ್ತಿವೆ ಎಂದರ್ಥ. ಇದು ಬೇರೆಯೇ ಸಮಸ್ಯೆ, ಅದಕ್ಕೆ ಪರಿಹಾರವೂ ಬೇರೆ.

ಒಟ್ಟು ಸಂಖ್ಯೆ ಚೆನ್ನಾಗಿ ಕಂಡರೂ ಒಳಗೆ ಕೆಟ್ಟಿರಬಹುದು. ನಮ್ಮ ಆನೆಗಳಲ್ಲಿ ದಂತ ಬರುವುದು ಗಂಡಿಗೆ ಮಾತ್ರ. ದಂತಕ್ಕಾಗಿ ಗಂಡುಗಳನ್ನೇ ಆರಿಸಿ ಕೊಂದಿದ್ದರಿಂದ ಕೇರಳದ ಪೆರಿಯಾರ್‌ನಲ್ಲಿ ಒಂದು ಕಾಲಕ್ಕೆ ನೂರು ಹೆಣ್ಣಿಗೆ ಒಂದು ಗಂಡು ಎನ್ನುವ ಸ್ಥಿತಿ ಬಂದಿತ್ತು. ಅಲ್ಲಿ ಹಿಂಡುಗಳಿದ್ದವು, ಮರಿಗಳು ಕಡಿಮೆಯಾದವು.

ಎಣಿಸುವುದು ಹೇಗೆ?

ಹುಲಿಗೆ ಕ್ಯಾಮೆರಾ. ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿ ಎರಡೂ ಮೈಯ ಪಟ್ಟೆ ತೆಗೆಯುತ್ತಾರೆ. ಒಂದೊಂದು ಹುಲಿಯ ಪಟ್ಟೆ ಒಂದೊಂದು ಬಗೆ, ಆದ್ದರಿಂದ ಮತ್ತೆ ಮತ್ತೆ ಸಿಕ್ಕಿದ್ದೆಷ್ಟು, ಹೊಸದೆಷ್ಟು ಎಂಬುದರಿಂದ ಕಾಣದೆ ಉಳಿದವುಗಳನ್ನೂ ಲೆಕ್ಕ ಹಾಕಬಹುದು. 2022ರ ಅಂದಾಜಿನಲ್ಲಿ ರಾಜ್ಯದಲ್ಲಿ 563 ಹುಲಿಗಳಿದ್ದವು, ಅದರಲ್ಲಿ ನಾಗರಹೊಳೆಯಲ್ಲಿ 141. ಜಿಂಕೆ, ಕಾಟಿಗಳಿಗೆ ನೇರವಾದ ಸೀಳುದಾರಿಯಲ್ಲಿ ನಡೆದು, ಕಂಡ ಪ್ರಾಣಿ ಎಷ್ಟು ದೂರದಲ್ಲಿತ್ತು ಎಂದು ಬರೆದುಕೊಳ್ಳುತ್ತಾರೆ. ಆನೆಗೆ ಕಾಡನ್ನು ಬ್ಲಾಕ್‌ಗಳಾಗಿ ವಿಂಗಡಿಸಿ ನೇರ ಎಣಿಕೆ, ಲದ್ದಿಯ ಲೆಕ್ಕ, ಕೆರೆಯ ಬಳಿ ಕೂತು ಗಂಡು, ಹೆಣ್ಣು, ಮರಿ ಗುರುತಿಸುವುದು, ಈ ಮೂರನ್ನೂ ಮಾಡುತ್ತಾರೆ. ಎಲ್ಲವೂ ಅಂದಾಜು. ಒಂದು ವರ್ಷದ ಅಂಕಿ ಹಿಡಿದು ವಾದಿಸುವುದಕ್ಕಿಂತ ಹತ್ತು ವರ್ಷದ ಓಟ ನೋಡುವುದು ಒಳ್ಳೆಯದು.

ಕಾಡು ಬಿಟ್ಟು ಆನೆ ಕಾಫಿ ತೋಟಕ್ಕೆ ಬರುವುದೇಕೆ?

ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು, 100 ಲೀಟರಿಗೂ ಹೆಚ್ಚು ನೀರು ಬೇಕು. ಬೇಸಿಗೆಯಲ್ಲಿ ಕಾಡಿನ ಹಳ್ಳ ಒಣಗಿದಾಗ ತೋಟದಲ್ಲಿ ನೆರಳಿದೆ, ಸ್ಪ್ರಿಂಕ್ಲರ್‌ಗಾಗಿ ತೋಡಿದ ಕೆರೆಯಿದೆ, ಬಗನಿ ಮರವಿದೆ, ಬಾಳೆಯಿದೆ. ಮೇ ತಿಂಗಳಿಂದ ಜುಲೈವರೆಗೆ ಹಲಸು. ನವೆಂಬರ್, ಡಿಸೆಂಬರ್‌ನಲ್ಲಿ ಹುತ್ತರಿ ಸುಗ್ಗಿಹಬ್ಬದ ಹೊತ್ತಿಗೆ ತೆನೆ ತುಂಬಿದ ಗದ್ದೆ. ಅದಾದ ಮೇಲೆ ಕಾಫಿ ಹಣ್ಣು, ಕೆಲವು ಆನೆಗಳು ಅದನ್ನೂ ತಿನ್ನಲು ಕಲಿತಿವೆ. ಲದ್ದಿಯಲ್ಲಿ ಬೀಜ ಹಾಗೆಯೇ ಸಿಗುತ್ತದೆ.

ಇನ್ನೊಂದು ಕಡೆ ಕಾಡಿನ ಮೇವು ಕಡಿಮೆಯಾಗಿದೆ. ಹಿಂದೆ ಕಾಡು ಕಡಿದು ತೇಗದ ನೆಡುತೋಪು ಮಾಡಿದ ಜಾಗಗಳಲ್ಲಿ ಆನೆಗೆ ತಿನ್ನಲು ಹೆಚ್ಚೇನೂ ಇಲ್ಲ. ಉಳಿದ ಕಡೆ ಲಂಟಾನ ಪೊದೆ, ಈಗ ಸೆನ್ನಾ ಮರ; ಎರಡೂ ಹೊರದೇಶದಿಂದ ಬಂದ ಕಳೆ. ತಾಯಿಯ ಜೊತೆ ತೋಟದಲ್ಲಿ ಬೆಳೆದ ಮರಿಗೆ ತೋಟವೇ ಮನೆ ಎನಿಸುತ್ತದೆ.

ತೋಟದವರು ಮಾಡಬಹುದಾದದ್ದು: ಹಲಸಿನಕಾಯಿಯನ್ನು ಹಣ್ಣಾಗುವ ಮೊದಲೇ, ಏಪ್ರಿಲ್, ಮೇ ಹೊತ್ತಿಗೆ ಇಳಿಸಿ. ಮರವನ್ನು ಕಡಿಯಬೇಡಿ, ಅದನ್ನು ನಂಬಿದ ಹಕ್ಕಿ, ಕೆಂದಳಿಲುಗಳಿವೆ. ಇಳಿಸಿದ ಕಾಯಿಯನ್ನು ರಸ್ತೆ ಬದಿಗೆ ರಾಶಿ ಹಾಕಿದರೆ ಆನೆಯನ್ನು ರಸ್ತೆಗೆ ಕರೆದಂತೆ. ಕೆಲಸಗಾರರ ಲೈನ್‌ಮನೆಯಲ್ಲಿ ಅಕ್ಕಿ, ಉಪ್ಪು, ನಾಟಿ ಸಾರಾಯಿಯ ವಾಸನೆ ಹೊರಗೆ ಹರಡದಂತೆ ಇಡಿ. ಕೆಲಸಗಾರರನ್ನು ಬೆಳಗ್ಗೆ ಮಂಜು ಕರಗುವ ಮೊದಲು ಕೆಲಸಕ್ಕೆ ಕಳಿಸಬೇಡಿ. ಆನೆ ಹತ್ತು ಮಾರು ದೂರದಲ್ಲಿದ್ದರೂ ರೊಬಸ್ಟಾ ಗಿಡದ ನಡುವೆ ಕಾಣುವುದಿಲ್ಲ.

ಬಿದಿರು ಸತ್ತದ್ದಕ್ಕೂ ಆನೆ ಬರುವುದಕ್ಕೂ ಸಂಬಂಧವಿದೆಯೇ?

ಇದೆ. ನಮ್ಮ ಕಾಡಿನ ಮುಳ್ಳುಬಿದಿರು 40ರಿಂದ 50 ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುತ್ತದೆ. 2010ರ ದಶಕದ ಮೊದಲ ವರ್ಷಗಳಲ್ಲಿ ನಾಗರಹೊಳೆ ಕಡೆ ಹೀಗಾಯಿತು. ಆನೆ, ಕಾಟಿಗಳ ಮುಖ್ಯ ಮೇವೊಂದು ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಒಣಬಿದಿರು ಬೆಂಕಿಗೆ ಸೌದೆಯೂ ಆಯಿತು.

ಇದು ಪ್ರಕೃತಿಯ ಸಹಜ ಚಕ್ರ. ಬಿದ್ದ ಬಿದಿರಕ್ಕಿ ಮೊಳೆತು ಮೆಳೆಯಾಗಲು ಹತ್ತಾರು ವರ್ಷ ಬೇಕು, ಆ ಅವಧಿಯಲ್ಲಿ ಸಸಿಗಳಿಗೆ ಬೆಂಕಿ ಬೀಳಬಾರದು, ಲಂಟಾನ ಮುಚ್ಚಬಾರದು, ದನ ಮೇಯಬಾರದು. ಹಿಂದಿನ ಸಲ ಬಿದಿರು ತಾನಾಗಿ ಮರಳಿತು. ಈ ಸಲ ಅದೇ ನೆಲವನ್ನು ಕಳೆ ಆಕ್ರಮಿಸಿದೆ. ಸಹಜ ಚಕ್ರದ ಮೇಲೆ ಮನುಷ್ಯನ ಕೆಲಸ ಬಂದು ಕೂತರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಲಂಟಾನವನ್ನು ಕಡಿದರೆ ಮತ್ತೆ ಬರುತ್ತದಲ್ಲ?

ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಇಮ್ಮಡಿ ಚಿಗುರುತ್ತದೆ. ಮೊದಲ ಮಳೆಯಲ್ಲಿ ಮಣ್ಣು ಮೆತ್ತಗಿರುವಾಗ, ಬೇರು ಕಾಂಡ ಸೇರುವ ಗಂಟಿನ ಕೆಳಗೆ, ಮಣ್ಣೊಳಗೆ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಇಡಬೇಕು. ಹಣ್ಣು ಬಿಡುವ ಮೊದಲೇ ಮಾಡಬೇಕು, ಏಕೆಂದರೆ ಪಿಕಳಾರಗಳು ಬೀಜ ಹರಡುತ್ತವೆ. ತೆಗೆದ ಜಾಗ ಖಾಲಿ ಬಿಡದೆ ಸ್ಥಳೀಯ ಹುಲ್ಲು, ಬಿದಿರು ಹಾಕಿ, ಎರಡು ಮೂರು ವರ್ಷ ಮೊಳಕೆ ಕೀಳುತ್ತಿರಬೇಕು. ಮೀಸಲು ಅರಣ್ಯದೊಳಗೆ ಈ ಕೆಲಸ ಇಲಾಖೆಯ ಅನುಮತಿಯಿಂದ ಮಾತ್ರ.

ಕಾಡ್ಗಿಚ್ಚು ತಾನಾಗಿ ಹತ್ತುತ್ತದೆಯೇ?

ಇಲ್ಲಿನ ಬೇಸಿಗೆ ಬೆಂಕಿಯಲ್ಲಿ ಹೆಚ್ಚಿನದು ಮನುಷ್ಯ ಹಚ್ಚಿದ್ದು ಅಥವಾ ಅಜಾಗರೂಕತೆಯಿಂದ ಬಿಟ್ಟದ್ದು. ಬಿದಿರು ಬಿದಿರು ಉಜ್ಜಿ ಬೆಂಕಿ ಹತ್ತುತ್ತದೆ ಎನ್ನುವುದನ್ನು ನೆಚ್ಚಿಕೊಳ್ಳಬೇಡಿ. ದೊಡ್ಡ ಪ್ರಾಣಿ ಓಡಿ ಪಾರಾಗುತ್ತದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ, ಆಮೆ, ಹಾವು, ಎಳೆ ಸಸಿ ಸುಡುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡಿನಂಚಿನ ತೋಟದಲ್ಲಿ ಕಸ ಸುಡದಿರುವುದೇ ದೊಡ್ಡ ಉಪಕಾರ.

ಹುಲಿ ದನ ಹಿಡಿಯುವುದು ಹೆಚ್ಚಾಗಿದೆ. ಏಕೆ, ಆಗ ಏನು ಮಾಡಬೇಕು?

ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಹಾಗೆ ಕೊಟ್ಟೂ ಬಲಿಪ್ರಾಣಿಗಳ ಸಂಖ್ಯೆ ಕುಗ್ಗಬಾರದೆಂದರೆ ಅದರ ವಾಸದಲ್ಲಿ ಸುಮಾರು 500 ಇರಬೇಕು. ನಾಗರಹೊಳೆ ತುಂಬಿದೆ. ಮರಿಗಳು ಒಂದೂವರೆ, ಎರಡು ವರ್ಷಕ್ಕೆ ತಾಯಿಯನ್ನು ಬಿಡುತ್ತವೆ. ಗಂಡುಗಳು ಹೆಚ್ಚು ದೂರ ಹೋಗುತ್ತವೆ. ಒಳಗಿನ ಜಾಗ ಬಲಿಷ್ಠ ಹುಲಿಗಳ ಕೈಯಲ್ಲಿರುವುದರಿಂದ ಎಳೆಯವು, ಗಾಯಗೊಂಡವು, ಮುದಿಯಾದವು ಅಂಚಿಗೆ ಬರುತ್ತವೆ. ಪೊನ್ನಂಪೇಟೆ, ವಿರಾಜಪೇಟೆ ಕಡೆಯ ತೋಟಗಳು ಆ ಅಂಚಿನಲ್ಲಿವೆ.

ದನ ಸತ್ತರೆ ಕಳೇಬರವನ್ನು ಕದಲಿಸಬೇಡಿ, ಹೂಳಬೇಡಿ. ಹುಲಿ ಆ ರಾತ್ರಿ ಮರಳುತ್ತದೆ. ಕಳೇಬರ ತೆಗೆದರೆ ಹಸಿದ ಹುಲಿ ಮತ್ತೊಂದು ದನ ಹುಡುಕುತ್ತದೆ. ವಿಷ ಹಾಕುವುದು ಅಪರಾಧ, ಜೊತೆಗೆ ನಾಯಿ, ನರಿ, ಹದ್ದು ಎಲ್ಲ ಸಾಯುತ್ತವೆ. ಜನ ಸೇರಿಸಬೇಡಿ. ಫೋಟೊ ತೆಗೆದು ವಲಯ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ಉಳಿದ ದನಗಳನ್ನು ರಾತ್ರಿ ಬಾಗಿಲು ಭದ್ರವಿರುವ ಕೊಟ್ಟಿಗೆಯಲ್ಲಿ, ದೀಪ ಹಾಕಿ ಕಟ್ಟಿ. ಕಾಫಿ ಗಿಡದ ನಡುವೆ ಹಗ್ಗ ಕಟ್ಟಿ ಬಿಟ್ಟ ದನ ಸುಲಭದ ಬೇಟೆ.

ಹಂದಿಗೆ ಉರುಳು ಇಟ್ಟರೆ ಹುಲಿಗೆ ಏನು ತೊಂದರೆ?

ಕ್ಲಚ್ ವಯರಿನ ಉರುಳಿಗೆ ಹಂದಿ, ಹುಲಿ ಎಂಬ ಭೇದವಿಲ್ಲ. ಬೇಲಿಯ ಕೆಳಗಿನ ಕಿಂಡಿಯಲ್ಲಿ ಇಟ್ಟ ವಯರಿಗೆ ಚಿರತೆ ಸೊಂಟ ಸಿಕ್ಕಿಸಿಕೊಳ್ಳುತ್ತದೆ, ಒದ್ದಾಡಿದಷ್ಟೂ ಬಿಗಿಯುತ್ತದೆ, ಒಳಗಿನ ಅಂಗಾಂಗ ಹಾಳಾಗುತ್ತವೆ. ಬಿಡಿಸಿಕೊಂಡು ಹೋದರೂ ಕುಂಟುವ ಹುಲಿ ಜಿಂಕೆ ಹಿಡಿಯಲಾರದೆ ದನಕ್ಕೆ ಬರುತ್ತದೆ. ಒಂದು ಉರುಳು ಎರಡು ಊರಿಗೆ ಆಪತ್ತು ತರುವುದು ಹೀಗೆ. ಹಣ್ಣಿನಲ್ಲಿಟ್ಟ ಸಿಡಿಮದ್ದಿನಿಂದ ಆನೆಯ ಬಾಯಿ ಒಡೆದು, ಅದು ವಾರಗಟ್ಟಲೆ ಉಪವಾಸ ಬಿದ್ದು ಸಾಯುತ್ತದೆ.

ಹಂದಿ ಹೆಚ್ಚಲು ಕಾರಣಗಳಿವೆ: ಗರ್ಭ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ಪಾಳುಗದ್ದೆಯ ಪೊದೆ ಅಡಗುತಾಣ, ಹೋಂಸ್ಟೇ ಕಸ ಊಟ. ಹೀಗಿರುವಾಗ ಕೆಲವು ಹಂದಿ ಕೊಂದರೆ ಉಳಿದವು ಬೇಗ ಜಾಗ ತುಂಬುತ್ತವೆ. ಕಸದ ಗುಂಡಿ ಮುಚ್ಚಿ, ಪೊದೆ ಸವರಿ, ಗೆಣಸು, ಸುವರ್ಣಗೆಡ್ಡೆ ಬೆಳೆದ ಜಾಗಕ್ಕೆ ಮಾತ್ರ ಮೊಣಕಾಲೆತ್ತರದ ಎರಡು ತಂತಿಯ ಸೋಲಾರ್ ಬೇಲಿ ಹಾಕುವುದು ಹೆಚ್ಚು ಫಲ ಕೊಡುತ್ತದೆ. ತೋಟದಲ್ಲಿ ವಾರಕ್ಕೊಮ್ಮೆ ಬೇಲಿಸಾಲು ನಡೆದು ವಯರು ಹುಡುಕಿ. ಪ್ರಾಣಿ ಜೀವಂತ ಸಿಕ್ಕಿದ್ದರೆ ಬಿಡಿಸಲು ಹೋಗಬೇಡಿ. ಅರಿವಳಿಕೆ ಕೊಡಬಲ್ಲ ಪಶುವೈದ್ಯರು ಬರುವವರೆಗೆ ಜನರನ್ನು ದೂರ ಇಡಿ.

ನಮಗೆ ಕೋವಿ ವಿನಾಯಿತಿ ಇದೆಯಲ್ಲ?

ಅದು ಕೊಡವರಿಗೂ ಜಮ್ಮಾ ಜಮೀನು ಇರುವವರಿಗೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ, 2029ರವರೆಗೆ ವಿಸ್ತರಣೆಯಾಗಿದೆ. ಬೇಟೆಗೆ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ.

ಕಂದಕ, ಸೋಲಾರ್ ಬೇಲಿ, ರೈಲುಕಂಬಿ: ಯಾವುದು ಒಳ್ಳೆಯದು?

ಆನೆ ಕಂದಕ ಸಾಮಾನ್ಯವಾಗಿ ಮೂರು ಮೀಟರ್ ಅಗಲ, ಮೂರು ಮೀಟರ್ ಆಳ. ಕೊಡಗಿನ ಮಳೆಗೆ ಅಂಚು ಕುಸಿಯುತ್ತದೆ, ಆನೆ ಮುಂಗಾಲಿನಿಂದ ಮಣ್ಣು ತಳ್ಳಿ ಇಳಿಜಾರು ಮಾಡುತ್ತದೆ, ತೋಡು (ಸಣ್ಣ ಹಳ್ಳ) ದಾಟುವಲ್ಲಿ ಕಂದಕ ಅಗೆಯಲಾಗುವುದೇ ಇಲ್ಲ. ಪ್ರತಿ ವರ್ಷ ಮಳೆ ಮುಗಿದ ಕೂಡಲೇ ಹೂಳು ತೆಗೆಯದಿದ್ದರೆ ಮೂರನೇ ವರ್ಷ ಅದು ಬರೀ ಚರಂಡಿ.

ಸೋಲಾರ್ ಬೇಲಿ ಕೆಡುವುದು ಹೆಚ್ಚಾಗಿ ನಾಲ್ಕು ಕಡೆ. ಹುಲ್ಲು, ಬಳ್ಳಿ ತಂತಿಗೆ ತಾಗಿ ವಿದ್ಯುತ್ ನೆಲಕ್ಕಿಳಿಯುತ್ತದೆ: ಎರಡೂ ಬದಿ ಒಂದು ಮೀಟರ್ ಸವರಿಡಿ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಅರ್ತಿಂಗ್ ದುರ್ಬಲವಾಗುತ್ತದೆ: ಆರಡಿ ಉದ್ದದ ಮೂರು ಸರಳುಗಳನ್ನು ಹತ್ತಡಿ ಅಂತರದಲ್ಲಿ, ತೇವವಿರುವ ಜಾಗದಲ್ಲಿ ಹೂಳಿ, ಬೇಸಿಗೆಯಲ್ಲಿ ನೀರು ಹಾಕಿ. ಬ್ಯಾಟರಿ ಹಳತಾಗುತ್ತದೆ. ಕೊನೆಯದು, ಕಂಬ. ದಂತದಲ್ಲಿ ವಿದ್ಯುತ್ ಸರಿಯಾಗಿ ಹರಿಯದು. ಸಲಗ ದಂತದಿಂದ ಕಂಬವನ್ನೇ ಬೀಳಿಸುತ್ತದೆ. ತೂಗುಬೇಲಿ ಎಂದು ಕರೆಯುವ, ಮೇಲಿನಿಂದ ತಂತಿ ಇಳಿಬಿಟ್ಟ ಬೇಲಿಯಲ್ಲಿ ಕಂಬ ಆನೆಯ ಕೈಗೆಟುಕುವುದಿಲ್ಲ. ದಿನವೂ ಸಂಜೆ ಮೀಟರಿನಿಂದ ಪರೀಕ್ಷಿಸಿ. ಬೇಲಿಯ ದೂರದ ತುದಿಯಲ್ಲಿ 5,000 ವೋಲ್ಟಿಗಿಂತ ಕಡಿಮೆಯಿದ್ದರೆ ಆನೆ ಲೆಕ್ಕಿಸುವುದಿಲ್ಲ. ಮನೆಯ 230 ವೋಲ್ಟ್ ಲೈನನ್ನು ನೇರವಾಗಿ ಬೇಲಿಗೆ ಕೊಡುವುದು ಕೊಲೆಗೆ ಸಮ. ಮಿಡಿತವಿಲ್ಲದ ಆ ವಿದ್ಯುತ್ ಹಿಡಿದವರನ್ನು ಬಿಡುವುದಿಲ್ಲ, ಆನೆಯನ್ನೂ, ಮಕ್ಕಳನ್ನೂ.

ರೈಲುಕಂಬಿಯ ಬೇಲಿ ಗಟ್ಟಿ, ದುಬಾರಿ. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆ ಅಂಚಿನಲ್ಲಿ ಅದನ್ನು ಹತ್ತಿ ದಾಟಲು ಹೋದ ಆನೆಯೊಂದು ಸಿಕ್ಕಿಕೊಂಡು ಸತ್ತಿತು. ಯಾವ ಬೇಲಿಯೇ ಆಗಲಿ, ತೋಟದೊಳಗೆ ಈಗಾಗಲೇ ಇರುವ ಆನೆಗಳನ್ನು ಕಾಡಿಗೆ ಮರಳಿಸದೆ ಮುಚ್ಚಿದರೆ ಅವು ಒಳಗೇ ಉಳಿಯುತ್ತವೆ. ನಡುವೆ ಬಿಟ್ಟ ಒಂದೇ ಕಿಂಡಿಯ ಪಕ್ಕದ ತೋಟದವರಿಗೆ ಇಡೀ ಹಿಂಡಿನ ಹೊರೆ ಬೀಳುತ್ತದೆ.

ತೂಗುವ ವಿದ್ಯುತ್ ತಂತಿ ಕಂಡರೆ?

1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಡಿ. ಸೊಂಡಿಲೆತ್ತಿದ ಸಲಗಕ್ಕೆ ಹದಿನೈದು ಅಡಿ ಎತ್ತರದ ತಂತಿಯೂ ಎಟುಕುತ್ತದೆ. ಕರಿಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿಗೂ ಅದೇ ತಂತಿ ಅಪಾಯ.

ಸಿಲ್ವರ್ ಓಕ್ ನೆಟ್ಟರೆ ಹಕ್ಕಿಗಳಿಗೇನು ನಷ್ಟ?

ಆಸ್ಟ್ರೇಲಿಯಾದ ಈ ಮರ ನೇರವಾಗಿ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಹೊಂದುತ್ತದೆ, ಕಡಿದು ಮಾರಲು ತೊಡಕು ಕಡಿಮೆ. ತೋಟದವರು ಅದನ್ನು ಆರಿಸುವುದು ಅರ್ಥವಾಗುವಂಥದ್ದೇ. ಆದರೆ ಮಂಗಟ್ಟೆಗೆ ಅದು ಅತ್ತಿಹಣ್ಣನ್ನೂ ಕೊಡದು, ಪೊಟರೆಯನ್ನೂ ಕೊಡದು.

ಹೆಣ್ಣು ಮಂಗಟ್ಟೆ ಹಳೆಮರದ ಪೊಟರೆಗೆ ಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಯಿ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ತಂದುಕೊಟ್ಟದ್ದೇ ಊಟ. ಆ ಮರ ಬಿದ್ದರೆ ತಾಯಿ, ಮರಿ ಎರಡೂ ಹೋಗುತ್ತವೆ. ಗಂಡೊಂದು ಸತ್ತರೂ ಆ ವರ್ಷದ ಸಂಸಾರ ಮುಗಿದಂತೆ. ಗೂಡಿನ ಕಾಲ ಫೆಬ್ರವರಿಯಿಂದ ಮೇ. ನೆರಳಿನ ಮರದ ಕೊಂಬೆ ಸವರುವ ಮರಗಸಿಯ ಕಾಲವೂ ಅಲ್ಲಿಗೇ ಬಂದು ಸೇರುತ್ತದೆ. ಏಣಿ ಹಾಕುವ ಮೊದಲು ಬುಡ ನೋಡಿ: ಹಿಕ್ಕೆಯ ಗುಪ್ಪೆ, ಅತ್ತಿ, ರಾಮಪತ್ರೆ ಬೀಜಗಳು ಬಿದ್ದಿದ್ದರೆ ಮೇಲೆ ಗೂಡಿದೆ. ಆ ಮರವನ್ನು ಜೂನ್‌ವರೆಗೆ ಬಿಡಿ. ಹೊಸ ನೆರಳಿಗೆ ಅತ್ತಿ, ಬಳಂಜಿ, ಹೊನ್ನೆ, ಹಲಸನ್ನೂ ಸೇರಿಸಿ ನೆಡಿ.

ಜೇನು ಕಡಿಮೆಯಾದದ್ದು ರೋಗದಿಂದಲೋ, ಔಷಧಿಯಿಂದಲೋ?

ಎರಡರಿಂದಲೂ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು ಬಹುಪಾಲು ಅಳಿಸಿತು. ಕಾಡಿನ ಪೊಟರೆಗಳಲ್ಲಿ ತಾಳಿಕೊಂಡು ಉಳಿದ ಕುಟುಂಬಗಳಿಂದಲೇ ಮತ್ತೆ ಪೆಟ್ಟಿಗೆಗಳು ತುಂಬಿದವು. ಪೊಟರೆ ಇರುವ ಮರ ಕಡಿದಿದ್ದರೆ ಆ ಮರಳುವಿಕೆ ಆಗುತ್ತಿರಲಿಲ್ಲ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಹೂಮಳೆಯಾಗಿ ವಾರ, ಹತ್ತು ದಿನಕ್ಕೆ ಹೂ ಬಿರಿದಾಗ ಹೆಜ್ಜೇನು ಹಿಂಡಾಗಿ ಬರುವುದನ್ನು ನೋಡಿರುತ್ತೀರಿ. ಆ ದಿನಗಳಲ್ಲಿ ಕೀಟನಾಶಕ ಸಿಂಪಡಿಸಿದರೆ ಕಳೆದುಕೊಳ್ಳುವುದು ನಿಮ್ಮ ಫಸಲನ್ನೇ.

ಹೊಳೆಯ ಮೀನು ಎಲ್ಲಿ ಹೋಯಿತು?

ಕಾವೇರಿಗೇ ಸೀಮಿತವಾದ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಜಾಗತಿಕ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಅಳಿವಿನ ಅತ್ಯಂತ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು. ಅಣೆಕಟ್ಟುಗಳು ಮೊಟ್ಟೆಯಿಡಲು ಮೇಲೇರುವ ದಾರಿಯನ್ನು ಕಡಿದವು. ಮರಿ ಉತ್ಪಾದಿಸಿ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗ ಹಿಡಿಯಿತು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ಹೀಗೆ ತಿರುಗಿಬೀಳಬಹುದು. ತೋಟೆ ಸಿಡಿಸುವುದು, ಬ್ಲೀಚಿಂಗ್ ಪುಡಿ ಹಾಕುವುದು ದೊಡ್ಡ ಮೀನಿನ ಜೊತೆ ಮರಿ, ಏಡಿ, ನೀರುನಾಯಿಯ ಆಹಾರ ಎಲ್ಲವನ್ನೂ ಮುಗಿಸುತ್ತವೆ.

ತೋಟದವರ ಕೈಯಲ್ಲಿರುವುದು ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಬರುವ ನೀರು. ಅರೇಬಿಕಾ ಪಲ್ಪಿಂಗ್ ನವೆಂಬರ್‌ನಿಂದ ಜನವರಿವರೆಗೆ, ತೋಡಿನಲ್ಲಿ ನೀರು ಇಳಿಯುತ್ತಿರುವಾಗ. ಸಕ್ಕರೆ ತುಂಬಿದ ಆ ಹುಳಿನೀರು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿ ಮೀನನ್ನು ಉಸಿರುಗಟ್ಟಿಸುತ್ತದೆ. ಸಿಪ್ಪೆಯನ್ನು ಜರಡಿಯಲ್ಲಿ ಬೇರೆ ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ನೀರಿಗೆ ಸುಣ್ಣ ಬೆರೆಸಿ ಹುಳಿ ಮುರಿದು, ಸರಣಿ ಹೊಂಡಗಳಲ್ಲಿ ನಿಲ್ಲಿಸಿ. ತೋಡಿಗೆ ನೇರವಾಗಿ ಬಿಡಲೇಬೇಡಿ.

2018ರ ಭೂಕುಸಿತ ಪ್ರಾಣಿಗಳಿಗೆ ಏನು ಮಾಡಿತು?

ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಜಾರಿದ ಮಣ್ಣು ತೋಡುಗಳಿಗಿಳಿಯಿತು. ತೋಡಿನ ಕಪ್ಪೆ, ಗೊದಮೊಟ್ಟೆ, ಬಂಡೆಗೆ ಅಂಟುವ ಸಣ್ಣ ಮೀನು ಬದುಕುವುದು ಕಲ್ಲುಗಳ ನಡುವಿನ ಸಂದಿಯಲ್ಲಿ. ಹೂಳು ಆ ಸಂದಿಯನ್ನೇ ಮುಚ್ಚುತ್ತದೆ. ಮೇಲ್ಗಡೆಯ ಕವಲುತೋಡು ಕೆಡದೆ ಉಳಿದಿದ್ದರೆ ಅಲ್ಲಿಂದ ಇಳಿದು ಬಂದು ಮತ್ತೆ ತುಂಬಿಕೊಳ್ಳುತ್ತವೆ. ವಿಪರೀತ ಮಳೆಯನ್ನು ನಾವು ತಡೆಯಲಾರೆವು. ಇಳಿಜಾರಿನ ಬುಡವನ್ನು ಜೆಸಿಬಿಯಿಂದ ನೇರವಾಗಿ ಕೊರೆಯುವುದನ್ನು, ನೀರಿನ ದಾರಿಗೆ ಮಣ್ಣು ಸುರಿಯುವುದನ್ನು ತಡೆಯಬಹುದು.

ಎರಡು ಎಕರೆ ದೇವರಕಾಡಿನಿಂದ ಏನು ಪ್ರಯೋಜನ?

ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಹೆಚ್ಚಿನವು ಚಿಕ್ಕವು. ಆನೆ ಅಲ್ಲಿ ಬದುಕಲಾರದು. ಆದರೆ ಹಳೆಮರ, ಪೊಟರೆ, ತೇವದ ನೆಲ, ಕಾಡುಮರದ ಬೀಜ ಅಲ್ಲಿ ಉಳಿದಿವೆ. ಮಂಗಟ್ಟೆ, ಪುನುಗು, ಬಾವಲಿ ತೋಟದಿಂದ ತೋಟಕ್ಕೆ ಹೋಗುವಾಗ ಅದು ತಂಗುದಾಣ. ಒತ್ತುವರಿ ಅಂಚಿನಿಂದಲೇ ಶುರುವಾಗುವುದರಿಂದ ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸುವುದು ಮೊದಲ ಕೆಲಸ.

ಸಾಕುಪ್ರಾಣಿಗಳ ರೋಗ ಕಾಡಿಗೆ ಹೋಗುತ್ತದೆಯೇ?

ಹೋಗಿದೆ. 1968ರಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಪಕ್ಕದ ಬಂಡೀಪುರ, ಮುದುಮಲೆಯ ಕಾಟಿಗಳನ್ನು ಬಹುತೇಕ ಮುಗಿಸಿತ್ತು. ದನಗಳಿಗೆ ಲಸಿಕೆ ಹಾಕಿ ಹಾಕಿ 2011ರಲ್ಲಿ ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತು, ಕಾಟಿಗಳು ಮರಳಿದವು. ಕಾಲುಬಾಯಿ ಜ್ವರಕ್ಕೆ ದನಗಳಿಗೆ ಆರು ತಿಂಗಳಿಗೊಮ್ಮೆ, ಡಿಸ್ಟೆಂಪರ್ ಮತ್ತು ಹುಚ್ಚುನಾಯಿ ರೋಗಕ್ಕೆ ತೋಟದ ನಾಯಿಗಳಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ಸೀಳುನಾಯಿಗೂ ಚಿರತೆಗೂ ಅದರಿಂದ ರಕ್ಷಣೆ.

ಬೆಳೆ ಅಥವಾ ದನ ನಷ್ಟವಾದರೆ ಪರಿಹಾರಕ್ಕೆ ಏನು ಮಾಡಬೇಕು?

ಹಾಳಾದದ್ದನ್ನು ಸರಿಪಡಿಸುವ ಮೊದಲು ಫೋಟೊ ತೆಗೆಯಿರಿ: ಮುರಿದ ಗಿಡದ ಜೊತೆ ಹೆಜ್ಜೆ, ಲದ್ದಿ ಕಾಣುವಂತೆ ಒಂದು, ಜಾಗ ಗುರುತಾಗುವಂತೆ ದೂರದಿಂದ ಒಂದು. ಅದೇ ದಿನ ವಲಯ ಕಚೇರಿಗೆ ತಿಳಿಸಿ. ಅರ್ಜಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಬೇಕು. ದನಕ್ಕೆ ಪಶುವೈದ್ಯರ ಪ್ರಮಾಣಪತ್ರವೂ ಸೇರುತ್ತದೆ. ಸಿಬ್ಬಂದಿ ಬಂದು ಮಹಜರು ಮಾಡುವಾಗ ಗಿಡಗಳನ್ನು ಜೊತೆಗೆ ನಿಂತು ಎಣಿಸಿ, ಫಸಲು ಕೊಡುವ ಗಿಡ, ಎಳೆಗಿಡ ಬೇರೆ ಬೇರೆ ಬರೆಸಿ. ಅರ್ಜಿ ಇ-ಪರಿಹಾರ ತಂತ್ರಾಂಶಕ್ಕೆ ಸೇರಿದ ಮೇಲೆ ಸಿಗುವ ಸಂಖ್ಯೆಯನ್ನು ಕೇಳಿ ಪಡೆಯಿರಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೋ ಕುಟುಂಬದ ಹೆಸರಿನಲ್ಲೋ ಇದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಆಗ ವಂಶವೃಕ್ಷ ಮತ್ತು ಉಳಿದ ಪಾಲುದಾರರ ಒಪ್ಪಿಗೆ ಪತ್ರವನ್ನು ಮೊದಲೇ ಸಿದ್ಧವಿಟ್ಟುಕೊಳ್ಳಿ.